ಮಕ್ಕಳ ಕಾಲೇಜು ಓದಿಗೆ ಸಾಲ: ಮಾಡಬೇಕೆ, ಬೇಡವೆ?

(ಸಂಘದ ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಎಲ್ಲರೂ ಸೇರಿ ಚರ್ಚಿಸಬೇಕಾದ ಪಾಠ)



ಎಸ್‌ಎಸ್‌ಎಲ್‌ಸಿ, ಪಿಯುಸಿ ಫಲಿತಾಂಶ ಬಂತೆಂದರೆ ನಮ್ಮ ಸಂಘಗಳಿಗೆ ಸಾಲದ ಅರ್ಜಿಗಳೂ ಬರುತ್ತವೆ. ಕಾರಣ ಎಂಬ ಜಾಗದಲ್ಲಿ ಎರಡೇ ಪದ: "ಮಕ್ಕಳ ಫೀಸು". ಇದು ಒಳ್ಳೆಯ ಕಾರಣ. ಮಾಮೂಲ್‌ಪೇಟೆ, ಅಕ್ಕಿಪೇಟೆ, ಕಬ್ಬನ್‌ಪೇಟೆಗಳ ಗಲ್ಲಿಗಳಲ್ಲಿ ಅಂಗಡಿ ಕೆಲಸ, ಪ್ಯಾಕಿಂಗ್ ಕೆಲಸ, ಹೊಲಿಗೆ, ಹೂ ಕಟ್ಟುವುದು ಮಾಡಿಕೊಂಡು ಬದುಕುವ ತಾಯಿ, "ನನ್ನ ಮಗಳು ನನ್ನ ಹಾಗೆ ಆಗಬಾರದು" ಎಂದು ಆಸೆಪಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಆಸೆ ಬೇರೆ, ಲೆಕ್ಕ ಬೇರೆ. ಆಸೆಯಿಂದ ಸಾಲ ತಂದು, ಲೆಕ್ಕ ನೋಡದೆ ಸಹಿ ಹಾಕಿ, ಮೂರು ವರ್ಷದ ನಂತರ ಮಗಳ ಕೈಯಲ್ಲಿ ಡಿಗ್ರಿ ಇದ್ದರೂ ತಾಯಿಯ ಕೊರಳಲ್ಲಿ ಒಡವೆ ಇಲ್ಲದ ಮನೆಗಳನ್ನು ನಾವೆಲ್ಲಾ ಕಂಡಿದ್ದೇವೆ. ಸಾಲಕ್ಕೆ ಹೆದರಿ ಜಾಣ ಹುಡುಗಿಯನ್ನು ಪಿಯುಸಿಗೇ ನಿಲ್ಲಿಸಿದ ಮನೆಗಳನ್ನೂ ಕಂಡಿದ್ದೇವೆ. ಎರಡೂ ನಷ್ಟವೇ.

ಈ ಪಾಠದಿಂದ ನಾವು ತಿಳಿಯಬೇಕಾದ್ದು:
1. ಯಾವ ಓದಿಗೆ ಸಾಲ ಮಾಡಬಹುದು, ಯಾವುದಕ್ಕೆ ಬೇಕಾಗಿಲ್ಲ?
2. ಸಾಲ ಮಾಡಲೇಬೇಕಾದರೆ ಎಲ್ಲಿ, ಎಷ್ಟು, ಯಾರ ಹೆಸರಿನಲ್ಲಿ?
3. ಸಂಘ ಇದರಲ್ಲಿ ಏನು ಸಹಾಯ ಮಾಡಬಹುದು?

ಪಾಠದ ತಿರುಳನ್ನು ಮೊದಲೇ ಹೇಳಿಬಿಡುತ್ತೇವೆ: ಓದಿನ ಸಾಲವನ್ನು ಮಗಳ ನಾಳೆಯ ಸಂಬಳ ತೀರಿಸಬೇಕು, ತಾಯಿಯ ಇವತ್ತಿನ ಕೂಲಿ ಅಲ್ಲ. ಸಾಲ ಸರಿಯೋ ತಪ್ಪೋ ಎಂದು ಅಳೆಯಲು ಇದೇ ನಮ್ಮ ಅಳತೆಗೋಲು.

ಪೇಟೆಯ ಹಳೆಯ ದಾರಿ, ಇಂದಿನ ದಾರಿ

ಬಡವರ ಮಕ್ಕಳು ಓದುವುದು ಪೇಟೆಗೆ ಹೊಸದಲ್ಲ. ಹಿಂದೆ ಹಳ್ಳಿಯಿಂದ ಓದಲು ಬಂದ ಹುಡುಗರು ವಾರಾನ್ನ ಉಂಡು ಓದುತ್ತಿದ್ದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಯ ಊಟ. ನಮ್ಮ ಮಾಮೂಲ್‌ಪೇಟೆಯಲ್ಲೇ ವ್ಯಾಪಾರ ಮಾಡಿ ಬೆಳೆದ ಗುಬ್ಬಿ ತೋಟದಪ್ಪನವರು (1838-1910) ರೈಲ್ವೆ ಸ್ಟೇಷನ್ ಎದುರಿಗೆ ಛತ್ರ ಕಟ್ಟಿಸಿದರು. 1903ರಲ್ಲಿ ಅದು ತೆರೆಯಿತು. ಪ್ರಯಾಣಿಕರಿಗೆ ತಂಗಲು ಜಾಗ, ವಿದ್ಯಾರ್ಥಿಗಳಿಗೆ ಉಚಿತ ವಸತಿ, ಇವೆರಡೂ ಅವರ ಧರ್ಮಕಾರ್ಯಗಳು. ಅಂದು ಓದಿನ ಖರ್ಚಿನ ಒಂದು ಪಾಲನ್ನು ಊರು, ಜಾತಿ, ಧರ್ಮಸಂಸ್ಥೆ ಹೊತ್ತುಕೊಳ್ಳುತ್ತಿದ್ದವು. ಹೆಣ್ಣುಮಕ್ಕಳಿಗೆ ಮಾತ್ರ ಈ ಬಾಗಿಲು ತೆರೆದದ್ದು ಕಡಿಮೆ ಎಂಬುದನ್ನೂ ಮರೆಯಬಾರದು.

ಆಮೇಲೆ ಸರ್ಕಾರ ಬಂತು. 1963ರಲ್ಲಿ ಕೇಂದ್ರ ಸರ್ಕಾರ ಬಡ ಪ್ರತಿಭಾವಂತರಿಗೆ ಸಾಲದ ರೂಪದ ವಿದ್ಯಾರ್ಥಿವೇತನ ಆರಂಭಿಸಿತು. ನಮ್ಮ ರಾಜ್ಯದಲ್ಲಿ ಖಾಸಗಿ ಇಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳು ಹೆಚ್ಚಿದಂತೆ ಫೀಸಿನ ಮಾತೂ ಬದಲಾಯಿತು. ಉತ್ತರ ಭಾರತದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಕರ್ನಾಟಕ ಸರ್ಕಾರದ ಮೇಲೆ ಹಾಕಿದ ಕೇಸನ್ನು ನೋಡಿ. ಆಗ ಒಂದೇ ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂ., ಉಳಿದ ಕರ್ನಾಟಕದವರಿಗೆ 25,000 ರೂ., ಹೊರ ರಾಜ್ಯದವರಿಗೆ 60,000 ರೂ. ಫೀಸು ನಿಗದಿಯಾಗಿತ್ತು. 1992ರಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ನಂತರ 1993 ಮತ್ತು 2002ರ ತೀರ್ಪುಗಳಿಂದ ನಿಯಮ ಬದಲಾಯಿತು. ಆದರೆ ಒಂದೇ ಬೆಂಚಿನಲ್ಲಿ ಕೂತ ಮಕ್ಕಳು ಬೇರೆ ಬೇರೆ ಫೀಸು ಕಟ್ಟುವ ಪದ್ಧತಿ ಹೋಗಲಿಲ್ಲ. ಸಿಇಟಿಯ ಸರ್ಕಾರಿ ಸೀಟು ಒಂದು ರೇಟು, ಮ್ಯಾನೇಜ್‌ಮೆಂಟ್ ಸೀಟು ಇನ್ನೊಂದು ರೇಟು.

ಈ ಫೀಸನ್ನು ತುಂಬಲು ಬಂದದ್ದೇ ಬ್ಯಾಂಕಿನ ಶಿಕ್ಷಣ ಸಾಲ. ಬ್ಯಾಂಕುಗಳ ಸಂಘಟನೆಯಾದ ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಷನ್ 2001ರಲ್ಲಿ ಮಾದರಿ ಯೋಜನೆ ಮಾಡಿತು. ಇಂದು ಎಲ್ಲಾ ಸರ್ಕಾರಿ ಬ್ಯಾಂಕುಗಳೂ ಹೆಚ್ಚುಕಡಿಮೆ ಅದೇ ಮಾದರಿಯಲ್ಲಿ ಸಾಲ ಕೊಡುತ್ತವೆ. ವಾರಾನ್ನದ ಋಣ ಕೃತಜ್ಞತೆಯಿಂದ ತೀರುತ್ತಿತ್ತು. ಬ್ಯಾಂಕಿನ ಋಣ ಕಂತಿನಿಂದಲೇ ತೀರಬೇಕು.

ಎಲ್ಲಾ ಡಿಗ್ರಿಯೂ ಒಂದೇ ಅಲ್ಲ

"ಡಿಗ್ರಿ ಆದ್ರೆ ಕೆಲಸ ಗ್ಯಾರಂಟಿ" ಎನ್ನುವ ಕಾಲ ಹೋಯಿತು. ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂ., ಡಿಪ್ಲೊಮಾದವರಿಗೆ 1,500 ರೂ. ಕೊಡುವ ಯುವನಿಧಿ ಯೋಜನೆಯನ್ನು ನಮ್ಮ ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಜಾರಿಗೆ ತಂದಿತು. ಡಿಗ್ರಿ ಇದ್ದೂ ಕೆಲಸ ಇಲ್ಲದವರು ಬಹಳ ಇದ್ದಾರೆ ಎಂದು ಇದರಿಂದಲೇ ತಿಳಿಯುತ್ತದೆ. ಹಾಗೆಂದು ಡಿಗ್ರಿಗೆ ಬೆಲೆಯೇ ಇಲ್ಲ ಎನ್ನುವಂತಿಲ್ಲ. ಬ್ಯಾಂಕ್ ಕ್ಲರ್ಕ್ ಪರೀಕ್ಷೆ ಬರೆಯಲು ಡಿಗ್ರಿ ಬೇಕು. ಸರ್ಕಾರಿ ಕಚೇರಿಯ ಎಫ್‌ಡಿಎ ಹುದ್ದೆಗೆ ಡಿಗ್ರಿ ಬೇಕು, ಎಸ್‌ಡಿಎ ಹುದ್ದೆಗೆ ಪಿಯುಸಿ ಸಾಕು. ಅಂದರೆ ಡಿಗ್ರಿ ಬಾಗಿಲು ತೆಗೆಯುತ್ತದೆ, ಒಳಗೆ ಹೋಗುವುದು ಬೇರೆ ಪ್ರಯತ್ನ.

ಆದ್ದರಿಂದ ಓದನ್ನು ಮೂರು ಗುಂಪು ಮಾಡಿ ನೋಡೋಣ.

ಮೊದಲನೆಯದು, ಸಾಲ ಬೇಕಾಗದ ಓದು. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಇವನ್ನು ಸರ್ಕಾರಿ ಕಾಲೇಜಿನಲ್ಲಿ ಕಡಿಮೆ ಫೀಸಿನಲ್ಲಿ ಓದಬಹುದು. ಶೇಷಾದ್ರಿ ರಸ್ತೆಯ ಮಹಾರಾಣಿ ಕಾಲೇಜುಗಳು ಪೇಟೆಗೆ ದೂರವಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಹಳೆಯ ಪುಸ್ತಕ ಪಕ್ಕದ ಅವೆನ್ಯೂ ರಸ್ತೆಯಲ್ಲೇ ಸಿಗುತ್ತದೆ. ಇದೇ ಬಿ.ಕಾಂ.ಗೆ ದೊಡ್ಡ ಗೇಟು, ಗಾಜಿನ ಕಟ್ಟಡ ನೋಡಿ ಖಾಸಗಿ ಕಾಲೇಜಿಗೆ ಲಕ್ಷಗಟ್ಟಲೆ ಕಟ್ಟುವ ಮುಂಚೆ ಒಂದು ಪ್ರಶ್ನೆ ಕೇಳಿ: ಆ ಹೆಚ್ಚಿನ ದುಡ್ಡಿಗೆ ಹೆಚ್ಚಿನ ಸಂಬಳ ಬರುತ್ತದೆಯೆ?

ಎರಡನೆಯದು, ಕಡಿಮೆ ಸಾಲದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಓದು. ಎಸ್‌ಎಸ್‌ಎಲ್‌ಸಿ ಆದ ಮೇಲೆ ಐಟಿಐ ಅಥವಾ ಮೂರು ವರ್ಷದ ಡಿಪ್ಲೊಮಾ. ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಂಥ ಸರ್ಕಾರಿ ಸಂಸ್ಥೆಗಳು ನಗರದ ಮಧ್ಯದಲ್ಲೇ ಇವೆ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಬಹುದು. ಅಥವಾ ಡಿಸಿಇಟಿ ಬರೆದು ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ಸೇರಬಹುದು. ಮಗುವಿಗೆ ಆ ಓದು ಹಿಡಿಸುತ್ತದೆಯೋ ಇಲ್ಲವೋ ಎಂಬುದು ದೊಡ್ಡ ಸಾಲ ಮಾಡುವ ಮುಂಚೆಯೇ ಗೊತ್ತಾಗುತ್ತದೆ.

ಮೂರನೆಯದು, ಸಾಲಕ್ಕೆ ಯೋಗ್ಯವಾಗಬಹುದಾದ ಓದು. ನರ್ಸಿಂಗ್, ಇಂಜಿನಿಯರಿಂಗ್, ಮೆಡಿಕಲ್ ಮುಂತಾದ ವೃತ್ತಿ ಶಿಕ್ಷಣ. ಇಲ್ಲಿಯೂ "ಆಗಬಹುದಾದ" ಎಂದೇ ಹೇಳಿದ್ದೇವೆ. ಕಾಲೇಜಿಗೆ ಮಾನ್ಯತೆ ಇರಬೇಕು. ನರ್ಸಿಂಗ್ ಆದರೆ ನರ್ಸಿಂಗ್ ಪರಿಷತ್ತಿನದು, ಇಂಜಿನಿಯರಿಂಗ್ ಆದರೆ ಎಐಸಿಟಿಇಯದು, ವಿಶ್ವವಿದ್ಯಾಲಯ ಆದರೆ ಯುಜಿಸಿಯದು. ಏಜೆಂಟ್ ಮಾತು ನಂಬದೆ, ಆಯಾ ಸಂಸ್ಥೆಯ ಪಟ್ಟಿಯಲ್ಲಿ ಕಾಲೇಜಿನ ಹೆಸರು ಇದೆಯೇ ಎಂದು ಸೈಬರ್ ಸೆಂಟರಿನಲ್ಲೋ ಮಗುವಿನ ಮೊಬೈಲಿನಲ್ಲೋ ನೋಡಿ. ಮೂಲ ಅಂಕಪಟ್ಟಿಯನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ ನಿಯಮವೇ ಇದೆ.

ಲೆಕ್ಕ ಹಾಕೋಣ

ಕಾಗದ, ಪೆನ್ನು ತೆಗೆದುಕೊಳ್ಳಿ. ಮೂರು ವರ್ಷದ ಕೋರ್ಸು. ವರ್ಷಕ್ಕೆ 1 ಲಕ್ಷದಂತೆ ಒಟ್ಟು 3 ಲಕ್ಷ ಬ್ಯಾಂಕ್ ಸಾಲ. ಬಡ್ಡಿ ವರ್ಷಕ್ಕೆ ಶೇ. 10 ಎಂದು ಇಟ್ಟುಕೊಳ್ಳೋಣ. ಓದುವಾಗ ಮತ್ತು ಓದು ಮುಗಿದ ಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ, ಸರಳ ಬಡ್ಡಿ ಓಡುತ್ತಲೇ ಇರುತ್ತದೆ.

ಮೊದಲ ವರ್ಷದ 1 ಲಕ್ಷಕ್ಕೆ 4 ವರ್ಷದ ಬಡ್ಡಿ: 40,000 ರೂ.
ಎರಡನೇ ವರ್ಷದ 1 ಲಕ್ಷಕ್ಕೆ 3 ವರ್ಷದ ಬಡ್ಡಿ: 30,000 ರೂ.
ಮೂರನೇ ವರ್ಷದ 1 ಲಕ್ಷಕ್ಕೆ 2 ವರ್ಷದ ಬಡ್ಡಿ: 20,000 ರೂ.
ಒಟ್ಟು ಬಡ್ಡಿ: 90,000 ರೂ.
ಕಂತು ಶುರುವಾಗುವ ದಿನ ಇರುವ ಸಾಲ: 3,90,000 ರೂ.

ಇದನ್ನು 7 ವರ್ಷದಲ್ಲಿ ತೀರಿಸಿದರೆ ತಿಂಗಳ ಕಂತು ಸುಮಾರು 6,470 ರೂ. ಒಟ್ಟು ಕಟ್ಟುವುದು ಸುಮಾರು 5.43 ಲಕ್ಷ. "ಕಂತು ಜಾಸ್ತಿಯಾಯ್ತು, 15 ವರ್ಷ ಮಾಡಿ" ಎಂದರೆ ಕಂತು ಸುಮಾರು 4,190 ರೂ.ಗೆ ಇಳಿಯುತ್ತದೆ, ಆದರೆ ಒಟ್ಟು ಕಟ್ಟುವುದು 7.54 ಲಕ್ಷಕ್ಕೆ ಏರುತ್ತದೆ. 3 ಲಕ್ಷ ತಂದು ಏಳೂವರೆ ಲಕ್ಷ!

ಈಗ ಸಂಬಳದ ಕಡೆ ನೋಡೋಣ. ನಾವು ಹೇಳುವ ಸರಳ ನಿಯಮ: ಕಂತು ಮೊದಲ ಸಂಬಳದ ಕಾಲು ಭಾಗ ದಾಟಬಾರದು. ಉಳಿದ ಮುಕ್ಕಾಲು ಭಾಗದಲ್ಲೇ ಮಗಳ ಊಟ, ಬಟ್ಟೆ, ಪಿ.ಜಿ. ಬಾಡಿಗೆ, ಮನೆಗೆ ಕೊಡುವುದು ಎಲ್ಲಾ ಆಗಬೇಕಲ್ಲವೆ? 6,470 ರೂ. ಕಂತಿಗೆ ಹೆಚ್ಚುಕಡಿಮೆ 26,000 ರೂ. ಸಂಬಳ ಬೇಕು. ಆ ಕೋರ್ಸು ಮುಗಿಸಿದವರಿಗೆ 15,000 ರೂ. ಮಾತ್ರ ಸಿಗುತ್ತಿದ್ದರೆ 3 ಲಕ್ಷ ಸಾಲ ಜಾಸ್ತಿಯಾಯಿತು ಎಂದೇ ಅರ್ಥ.

ಸಂಬಳ ಎಷ್ಟು ಬರುತ್ತದೆ ಎಂದು ಯಾರನ್ನು ಕೇಳುವುದು? ಕಾಲೇಜಿನ ಬಣ್ಣದ ಪುಸ್ತಕವನ್ನಲ್ಲ. ಅದರಲ್ಲಿ ಅತಿ ಹೆಚ್ಚು ಸಂಬಳ ಪಡೆದ ಒಬ್ಬರ ಫೋಟೋ ಇರುತ್ತದೆ, ಕೆಲಸ ಸಿಗದ ಉಳಿದವರ ಫೋಟೋ ಇರುವುದಿಲ್ಲ. ಹೋದ ವರ್ಷ, ಅದರ ಹಿಂದಿನ ವರ್ಷ ಅದೇ ಕಾಲೇಜಿನಲ್ಲಿ ಅದೇ ಕೋರ್ಸು ಮುಗಿಸಿದ ಮೂರು ಜನರನ್ನು ಕೇಳಿ. "ಈಗ ಎಲ್ಲಿದ್ದೀಯಮ್ಮ? ಕೈಗೆ ಎಷ್ಟು ಬರುತ್ತೆ?" ಮೂರು ಜನರ ಉತ್ತರದಲ್ಲಿ ಕಡಿಮೆ ಇರುವುದನ್ನೇ ಹಿಡಿದು ಲೆಕ್ಕ ಹಾಕಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಕಾದ ಕೆಲಸ ಇದು. ಹೊಲಿಸುವುದಾದರೆ ಚಿಕ್ಕದೇ ಹೊಲಿಸೋಣ.

ಇನ್ನೊಂದು ಖರ್ಚು ಕಣ್ಣಿಗೆ ಕಾಣುವುದಿಲ್ಲ. ಓದುವ ಮೂರು ವರ್ಷ ಮಗಳು ದುಡಿಯುವುದಿಲ್ಲ. ಅಂಗಡಿಗೆ ಹೋಗಿದ್ದರೆ ತಿಂಗಳಿಗೆ 10,000 ರೂ. ತರುತ್ತಿದ್ದಳು ಎಂದುಕೊಂಡರೆ, ಮೂರು ವರ್ಷಕ್ಕೆ 3.6 ಲಕ್ಷ. ಇದನ್ನು ಹೇಳುವುದು ಓದು ಬಿಡಿಸಲು ಅಲ್ಲ. ಅಂಗಡಿ ಕೆಲಸದಲ್ಲಿ ಸಂಬಳ ಏರುವುದು ನಿಧಾನ, ಒಳ್ಳೆಯ ವೃತ್ತಿಯಲ್ಲಿ ಅನುಭವ ಆದಂತೆ ಏರುತ್ತದೆ. ಆದರೆ ಕೋರ್ಸನ್ನು ಅರ್ಧಕ್ಕೆ ಬಿಟ್ಟರೆ ಎರಡೂ ಕಡೆ ನಷ್ಟ. ಡಿಗ್ರಿ ಸಿಗದಿದ್ದರೂ ಸಾಲ ಕಟ್ಟಲೇಬೇಕು. ಹಾಗಾಗಿ ಸಾಲಕ್ಕೆ ಮುಂಚೆ ಮಗುವನ್ನು ಕೇಳಿ: "ನಿನಗೆ ಈ ಓದು ನಿಜವಾಗಿ ಬೇಕಾ? ಗೆಳತಿ ಸೇರಿದ್ದಾಳೆ ಅಂತ ಸೇರ್ತಿದ್ದೀಯಾ?"

ಸಾಲದ ಓದು ನಮ್ಮ ದೇಶದ ಮಾತು ಮಾತ್ರವಲ್ಲ. ಶ್ರೀಮಂತ ಅಮೆರಿಕದಲ್ಲಿ 4 ಕೋಟಿಗೂ ಹೆಚ್ಚು ಜನ ಓದಿನ ಸಾಲ ಹೊತ್ತಿದ್ದಾರೆ. ಅದರಲ್ಲಿ ಒಂದು ಭಾಗ ಮನ್ನಾ ಮಾಡಲು ಅಧ್ಯಕ್ಷ ಬೈಡನ್ ಹೊರಟಾಗ 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತಡೆಯಿತು. ಆಸ್ಟ್ರೇಲಿಯಾದಲ್ಲಿ 1989ರಿಂದ ಬೇರೆ ಪದ್ಧತಿ ಇದೆ. ಅಲ್ಲಿ ಸಂಬಳ ಒಂದು ಮಟ್ಟ ದಾಟಿದ ಮೇಲೆ ಮಾತ್ರ ಸಾಲ ತೀರಿಸಬೇಕು. ನಮ್ಮಲ್ಲಿ ಹಾಗಿಲ್ಲ. ಸಂಬಳ ಬರಲಿ ಬಿಡಲಿ, ರಜೆಯ ಅವಧಿ ಮುಗಿದ ಮೇಲೆ ಕಂತು ಶುರು. ಆದ್ದರಿಂದಲೇ ಲೆಕ್ಕವನ್ನು ನಾವು ಮೊದಲೇ ಮಾಡಬೇಕು.

ಯಾರ ಹತ್ತಿರ ಸಾಲ?

ಸಂಘದ ಸಭೆಯಲ್ಲಿ ಇಬ್ಬರು ಸದಸ್ಯರು ಈ ಮಾತುಕತೆಯನ್ನು ಓದಿ ತೋರಿಸಬಹುದು.

ಸದಸ್ಯೆ: ಅಕ್ಕಾ, ಮಗಳಿಗೆ ಸೀಟು ಸಿಕ್ಕಿದೆ. ಸೋಮವಾರದೊಳಗೆ ಒಂದು ಲಕ್ಷ ಕಟ್ಟಬೇಕಂತೆ.
ಪ್ರತಿನಿಧಿ: ಒಳ್ಳೇದಾಯ್ತಮ್ಮ. ದುಡ್ಡಿಗೆ ಏನ್ ಮಾಡ್ತೀಯ?
ಸದಸ್ಯೆ: ಫೈನಾನ್ಸ್‌ನೋರು ಮನೆ ಬಾಗ್ಲಿಗೇ ಬಂದು ಕೊಡ್ತೀನಿ ಅಂದ್ರು. ಆಧಾರ್ ಕಾರ್ಡ್ ಸಾಕಂತೆ. ಬ್ಯಾಂಕಿಗೆ ಯಾರಕ್ಕಾ ಅಲೀತಾರೆ?
ಪ್ರತಿನಿಧಿ: ಕಂತು ಯಾವಾಗಿಂದ?
ಸದಸ್ಯೆ: ಮುಂದಿನ ತಿಂಗಳಿಂದ.
ಪ್ರತಿನಿಧಿ: ಮಗಳಿಗೆ ಸಂಬಳ ಯಾವಾಗಿಂದ?
ಸದಸ್ಯೆ: ...ಅದು ಇನ್ನೂ ಮೂರು ವರ್ಷ ಆದ್ಮೇಲೆ ಅಲ್ವಾ ಅಕ್ಕಾ.
ಪ್ರತಿನಿಧಿ: ಹಾಗಾದ್ರೆ ಕಟ್ಟೋದು ಯಾರು?

ಆ ಕೊನೆಯ ಪ್ರಶ್ನೆಯೇ ಮುಖ್ಯ. ಲೆಕ್ಕ ನೋಡಿ. ವರ್ಷಕ್ಕೆ ಶೇ. 24ರ ಬಡ್ಡಿಗೆ 1 ಲಕ್ಷ ತಂದು 2 ವರ್ಷದಲ್ಲಿ ತೀರಿಸಬೇಕಾದರೆ ತಿಂಗಳಿಗೆ ಸುಮಾರು 5,290 ರೂ. ಎರಡನೇ ವರ್ಷ ಮತ್ತೆ 1 ಲಕ್ಷ ತಂದರೆ ಎರಡು ಕಂತು ಸೇರಿ 10,500 ರೂ. ದಾಟುತ್ತದೆ. ಮಗಳು ಇನ್ನೂ ಎರಡನೇ ವರ್ಷದಲ್ಲೇ ಇದ್ದಾಳೆ! ಒಂದು ಕಂತು ತೀರಿಸಲು ಇನ್ನೊಂದು ಕಡೆ ಸಾಲ, ಅದನ್ನು ತೀರಿಸಲು ಒಡವೆ ಅಡವು. ಕೊನೆಗೆ ಮೂರನೇ ವರ್ಷದ ಫೀಸು ಕಟ್ಟಲಾಗದೆ ಓದೇ ನಿಲ್ಲುತ್ತದೆ. ಬಡ್ಡಿ ಹೆಚ್ಚಾದ್ದರಿಂದ ಮಾತ್ರ ಹೀಗಾಗುವುದಲ್ಲ. ಸಂಬಳ ಬರುವ ಮುಂಚೆಯೇ ಕಂತು ಬರುವುದರಿಂದ ಹೀಗಾಗುತ್ತದೆ.

ಸಾಲ ವಸೂಲಿಯ ಕಿರುಕುಳ ತಡೆಯಲು ನಮ್ಮ ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ. ಬೈಯುವುದು, ಬೆದರಿಸುವುದು, ಮನೆ ಮುಂದೆ ಗಲಾಟೆ ಮಾಡುವುದು ನಡೆದರೆ ಪೊಲೀಸರಿಗೆ ದೂರು ಕೊಡಬಹುದು. ಆದರೆ ಕಾನೂನು ಇದೆ ಎಂದು ಯೋಚಿಸದೆ ಸಾಲ ಮಾಡುವುದು ಜಾಣತನವಲ್ಲ.

ಸಂಘದ ಆಂತರಿಕ ಸಾಲವೂ ತಿಂಗಳಿಗೆ ಶೇ. 2 ಆದರೆ ವರ್ಷಕ್ಕೆ ಶೇ. 24 ಆಯಿತು. ಆ ಬಡ್ಡಿ ನಮ್ಮ ಸಂಘಕ್ಕೇ ಬರುತ್ತದೆ, ನಿಜ. ಆದರೂ ಪೂರ್ತಿ ಕೋರ್ಸಿನ ಫೀಸಿಗೆ ಅದು ಸೂಕ್ತವಲ್ಲ. ಅರ್ಜಿ ಶುಲ್ಕ, ಪುಸ್ತಕ, ಯೂನಿಫಾರಂ, ಬ್ಯಾಂಕ್ ಸಾಲ ಬರುವವರೆಗಿನ ಮೊದಲ ಕಂತಿನ ಫೀಸು, ಇಂಥ ಸಣ್ಣ, ಬೇಗ ತೀರುವ ಅಗತ್ಯಕ್ಕೆ ಸಂಘದ ಸಾಲ ಒಳ್ಳೆಯದು.

ಸಾಲಕ್ಕೆ ಮೊದಲು ಕೇಳಬೇಕಾದ ಬಾಗಿಲುಗಳು

ವಾಪಸು ಕೊಡಬೇಕಾಗಿಲ್ಲದ ದುಡ್ಡನ್ನು ಮೊದಲು ಹುಡುಕಿ.

1. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ (ಎಸ್‌ಎಸ್‌ಪಿ): ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಇಲ್ಲೇ ಅರ್ಜಿ. ಜಾತಿ, ಆದಾಯ ಪ್ರಮಾಣಪತ್ರವನ್ನು ಫಲಿತಾಂಶಕ್ಕೆ ಮುಂಚೆಯೇ ಮಾಡಿಸಿಡಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿ.
2. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ವಿದ್ಯಾರ್ಥಿವೇತನ: ಸರ್ಕಾರಿ ಶಾಲೆ ಕಾಲೇಜಿನಲ್ಲಿ 10ನೇ ಮತ್ತು 12ನೇ ತರಗತಿ ಮುಗಿಸಿ ಡಿಗ್ರಿ ಅಥವಾ ಡಿಪ್ಲೊಮಾ ಸೇರಿದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂ.
3. ಕಾರ್ಮಿಕ ಇಲಾಖೆಯ ಸಹಾಯ: ಮನೆಯಲ್ಲಿ ಯಾರಾದರೂ ಕಟ್ಟಡ ಕಾರ್ಮಿಕರಾಗಿ ನೋಂದಣಿ ಮಾಡಿಸಿದ್ದರೆ ಕಲ್ಯಾಣ ಮಂಡಳಿಯಲ್ಲಿ ಮಕ್ಕಳ ಓದಿನ ಸಹಾಯಧನದ ಬಗ್ಗೆ ಕೇಳಿ.
4. ಹಾಸ್ಟೆಲ್: ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆಗಳ ಹಾಸ್ಟೆಲುಗಳು, ಧರ್ಮಸಂಸ್ಥೆಗಳ ಹಾಸ್ಟೆಲುಗಳು. ಊಟ, ವಸತಿ ಉಳಿದರೆ ಸಾಲದ ದೊಡ್ಡ ಭಾಗವೇ ಉಳಿದಂತೆ.
5. ಅರಿವು ಸಾಲ: ಇದು ವಾಪಸು ಕೊಡಬೇಕಾದ್ದು. ಆದರೆ ಬಡ್ಡಿ ಬಹಳ ಕಡಿಮೆ, ಶೇ. 2 ಮಾತ್ರ. ಸಿಇಟಿ, ನೀಟ್ ಮೂಲಕ ವೃತ್ತಿಪರ ಕೋರ್ಸಿಗೆ ಸೇರಿದವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ, ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮಗಳು ಕೊಡುತ್ತವೆ. ಅರ್ಜಿ ಕರೆಯುವ ದಿನಾಂಕವನ್ನು ಗಮನಿಸುತ್ತಿರಬೇಕು.

ಬ್ಯಾಂಕ್ ಸಾಲ: ತಿಳಿದಿರಲಿ

4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಮಾದರಿ ಯೋಜನೆಯ ಪ್ರಕಾರ ಆಸ್ತಿ ಅಡಮಾನ ಬೇಡ, ಮನೆಯಿಂದ ಹಾಕಬೇಕಾದ ಪಾಲೂ ಇಲ್ಲ. 2015ರಲ್ಲಿ ಬಂದ ಸರ್ಕಾರದ ಖಾತರಿ ನಿಧಿಯಿಂದ 7.5 ಲಕ್ಷದವರೆಗೂ ಆಸ್ತಿ ಪತ್ರವಿಲ್ಲದೆ ಕೊಡುವ ಅವಕಾಶ ಬ್ಯಾಂಕಿಗೆ ಇದೆ. ವಿದ್ಯಾಲಕ್ಷ್ಮಿ ಪೋರ್ಟಲಿನಲ್ಲಿ ಅರ್ಜಿ ಹಾಕಬಹುದು. ತಂದೆ ಅಥವಾ ತಾಯಿ ಜೊತೆ ಸಾಲಗಾರರಾಗಿ ಸಹಿ ಹಾಕಬೇಕು. ಇದು ಸಾಕ್ಷಿ ಸಹಿಯಲ್ಲ, ಮಗಳು ಕಟ್ಟದಿದ್ದರೆ ನೀವು ಕಟ್ಟುತ್ತೀರಿ ಎಂಬ ಒಪ್ಪಿಗೆ. ಕಂತು ತಪ್ಪಿದರೆ ಇಬ್ಬರ ಸಿಬಿಲ್ ಅಂಕವೂ ಕೆಡುತ್ತದೆ.

ಬಡ್ಡಿ ಸಹಾಯಧನ ಬಹಳ ಮುಖ್ಯ. 2009ರಿಂದ ಇರುವ ಕೇಂದ್ರದ ಯೋಜನೆಯಲ್ಲಿ, ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತಾಂತ್ರಿಕ ಅಥವಾ ವೃತ್ತಿಪರ ಕೋರ್ಸು ಓದುವವರಿಗೆ, ಓದುವ ಅವಧಿ ಮತ್ತು ನಂತರದ ಒಂದು ವರ್ಷದ ಬಡ್ಡಿಯನ್ನು ಸರ್ಕಾರವೇ ಕಟ್ಟುತ್ತದೆ. ನಮ್ಮ ಲೆಕ್ಕದ 90,000 ರೂ. ಬಡ್ಡಿ ಉಳಿಯಿತು. 3 ಲಕ್ಷಕ್ಕೆ 7 ವರ್ಷದ ಕಂತು 4,980 ರೂ. ಮಾತ್ರ. ಆಗ 20,000 ರೂ. ಸಂಬಳ ಸಾಕು. ಓದು ಅರ್ಧಕ್ಕೆ ಬಿಟ್ಟರೆ ಈ ಸಹಾಯ ಸಿಗುವುದಿಲ್ಲ. 2024ರ ನವೆಂಬರಿನಲ್ಲಿ ಒಪ್ಪಿಗೆಯಾದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಉತ್ತಮ ಸಂಸ್ಥೆಗಳಿಗೆ ಸೇರಿದವರಿಗೆ ಜಾಮೀನಿಲ್ಲದ ಸಾಲ ಇದೆ. 8 ಲಕ್ಷದೊಳಗಿನ ಆದಾಯದವರಿಗೆ ಶೇ. 3 ಬಡ್ಡಿ ರಿಯಾಯಿತಿಯ ಅವಕಾಶವೂ ಇದೆ. ಮ್ಯಾನೇಜ್‌ಮೆಂಟ್ ಸೀಟಾದರೆ ಈ ಸೌಲಭ್ಯ ಸಿಗುತ್ತದೆಯೇ ಎಂದು ಸೇರುವ ಮುಂಚೆ ಬ್ಯಾಂಕಿನಲ್ಲೇ ಕೇಳಿ.

ಹಲವು ಬ್ಯಾಂಕುಗಳು ಹೆಣ್ಣುಮಕ್ಕಳಿಗೆ ಬಡ್ಡಿ ಸ್ವಲ್ಪ ಕಡಿಮೆ ಮಾಡುತ್ತವೆ. ಕೇಳದಿದ್ದರೆ ಹೇಳದೆಯೂ ಇರಬಹುದು. "ಆಗಲ್ಲ ಹೋಗಮ್ಮ" ಎಂದರೆ ಕಾರಣವನ್ನು ಬರಹದಲ್ಲಿ ಕೇಳಿ. ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಮಾಹಿತಿಗೆ 14448ಕ್ಕೆ ಫೋನ್ ಮಾಡಿ. ಮುಂದೆ ಕೆಲಸ ಹೋದರೆ ಅಥವಾ ಸಿಗದಿದ್ದರೆ ಬಚ್ಚಿಟ್ಟುಕೊಳ್ಳಬೇಡಿ. ಕಂತು ಬಾಕಿಯಾಗಿ 90 ದಿನ ದಾಟಿದರೆ ಸಾಲ ಕೆಟ್ಟ ಸಾಲದ ಲೆಕ್ಕಕ್ಕೆ ಹೋಗುತ್ತದೆ. ಅದಕ್ಕೆ ಮುಂಚೆಯೇ ಹೋಗಿ ಕೇಳಿದರೆ ಕಂತು ಮುಂದೂಡುವ ಅವಕಾಶ ಯೋಜನೆಯಲ್ಲೇ ಇದೆ.

ಮಗಳ ಓದು, ಮದುವೆ ಮತ್ತು ಕಂತು

ಈ ಮಾತನ್ನು ಮುಚ್ಚಿಡಬಾರದು. ಮಗನ ಸೀಟಿಗೆ ಸಾಲ ಮಾಡುವ ಮನೆಯವರೇ ಮಗಳ ಸೀಟಿಗೆ "ಹೆಣ್ಣುಮಗೂಗೆ ಯಾಕೆ ಇಷ್ಟೊಂದು?" ಎನ್ನುತ್ತಾರೆ. ಅದೇ ಮಗಳ ಮದುವೆಗೆ ಐದು ಲಕ್ಷ ಸಾಲ ಮಾಡಲು ಹಿಂದೆ ಮುಂದೆ ನೋಡುವುದಿಲ್ಲ. ಮದುವೆಯ ಸಾಲಕ್ಕೆ ಸಂಬಳ ಹುಟ್ಟುವುದಿಲ್ಲ. ಓದಿನ ಸಾಲಕ್ಕೆ ಹುಟ್ಟಬಹುದು. ನರ್ಸಾಗಿ ಕೆಲಸದಲ್ಲಿರುವ ಮಗಳು ತನ್ನ ಕಾಲ ಮೇಲೆ ನಿಲ್ಲುತ್ತಾಳೆ, ಕಷ್ಟ ಬಂದರೆ ತಾಯಿಗೂ ಆಸರೆಯಾಗುತ್ತಾಳೆ.

ಆದರೆ ಓದು ಮುಗಿದ ಕೂಡಲೇ ಮದುವೆ ಮಾಡಿ, ಗಂಡನ ಮನೆಯವರು ಕೆಲಸಕ್ಕೆ ಬೇಡ ಎಂದರೆ ಕಂತು ಮತ್ತೆ ತಾಯಿಯ ತಲೆಗೇ. ಆದ್ದರಿಂದ ಸಾಲ ಮಾಡುವಾಗಲೇ ಮನೆಯಲ್ಲಿ ಎಲ್ಲರೂ ಕೂತು ಒಪ್ಪಂದ ಮಾಡಿಕೊಳ್ಳಿ: ಮಗಳು ಕೆಲಸಕ್ಕೆ ಹೋಗುತ್ತಾಳೆ, ಕಂತು ಅವಳ ಸಂಬಳದಿಂದ ಹೋಗುತ್ತದೆ. ಸಂಬಂಧ ನೋಡುವಾಗ ಗಂಡಿನ ಕಡೆಯವರಿಗೂ ಇದನ್ನು ನೇರವಾಗಿ ಹೇಳಿ. ಇದರಲ್ಲಿ ನಾಚಿಕೆ ಏನೂ ಇಲ್ಲ.

ಸಂಘ ಏನು ಮಾಡಬಹುದು?

1. ಓದುವಾಗಲೇ ಬಡ್ಡಿ ಕಟ್ಟಲು ನೆರವು. ಸಹಾಯಧನ ಸಿಗದ ಸಾಲವಾದರೆ, ನಮ್ಮ ಲೆಕ್ಕದ ಸಾಲಕ್ಕೆ ಮೊದಲ ವರ್ಷ ತಿಂಗಳಿಗೆ ಸುಮಾರು 833 ರೂ., ಎರಡನೇ ವರ್ಷ 1,667 ರೂ., ಆಮೇಲೆ 2,500 ರೂ. ಬಡ್ಡಿ ಆಗುತ್ತದೆ. ಇದನ್ನು ಕಟ್ಟುತ್ತಾ ಬಂದರೆ ಸಾಲ 3 ಲಕ್ಷದಲ್ಲೇ ನಿಲ್ಲುತ್ತದೆ, 3.9 ಲಕ್ಷ ಆಗುವುದಿಲ್ಲ. ಹೀಗೆ ಕಟ್ಟಿದವರಿಗೆ ಕೆಲವು ಬ್ಯಾಂಕುಗಳು ಬಡ್ಡಿ ರಿಯಾಯಿತಿಯನ್ನೂ ಕೊಡುತ್ತವೆ. ತಾಯಿಯ ಕೂಲಿಯಿಂದ ಪೂರ್ತಿ ಸಾಲ ತೀರಿಸಲು ಆಗುವುದಿಲ್ಲ, ಆದರೆ ಸಾಲ ಬೆಳೆಯದಂತೆ ತಡೆಯಲು ಆಗಬಹುದು.
2. ಓದಿಗಾಗಿ ಪ್ರತ್ಯೇಕ ಉಳಿತಾಯ. ಮಗು 8ನೇ ತರಗತಿಗೆ ಬಂದಾಗಿನಿಂದ ತಿಂಗಳಿಗೆ 500 ರೂ. ಕಟ್ಟಿದರೆ ಪಿಯುಸಿ ಮುಗಿಯುವ ಹೊತ್ತಿಗೆ 5 ವರ್ಷಕ್ಕೆ 30,000 ರೂ. ಅಸಲೇ ಆಗುತ್ತದೆ. 10 ವರ್ಷದೊಳಗಿನ ಹೆಣ್ಣುಮಗುವಿದ್ದರೆ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಿರಿ. 10ನೇ ತರಗತಿ ಪಾಸಾದ ಮೇಲೆ ಅಥವಾ 18 ವರ್ಷ ತುಂಬಿದ ಮೇಲೆ ಅದರ ಅರ್ಧ ಹಣವನ್ನು ಓದಿಗೆ ತೆಗೆಯಬಹುದು.
3. ಬ್ಯಾಂಕಿಗೆ ಒಬ್ಬರೇ ಹೋಗದೆ ಇಬ್ಬರು ಸದಸ್ಯರು ಜೊತೆಗೆ ಹೋಗಿ. ಒಂಟಿ ಹೆಣ್ಣಿಗೆ ಸಿಗದ ಉತ್ತರ ಸಂಘಕ್ಕೆ ಸಿಗುತ್ತದೆ.
4. ಸಂಘದಲ್ಲಿ ಒಂದು ನೋಟ್‌ಬುಕ್ ಇಡಿ. ಯಾರ ಮಗು ಯಾವ ಕೋರ್ಸು ಓದಿತು, ಎಷ್ಟು ಖರ್ಚಾಯಿತು, ಈಗ ಎಷ್ಟು ಸಂಬಳ ಎಂದು ಬರೆದಿಡಿ. ಮುಂದಿನ ವರ್ಷದ ತಾಯಂದಿರಿಗೆ ಇದಕ್ಕಿಂತ ಒಳ್ಳೆಯ ಪುಸ್ತಕ ಇಲ್ಲ.

ಚರ್ಚೆಗೆ ಪ್ರಶ್ನೆಗಳು

1. ಕಳೆದ ಎರಡು ವರ್ಷದಲ್ಲಿ ನಮ್ಮ ಸಂಘದಲ್ಲಿ ಮಕ್ಕಳ ಫೀಸಿಗೆ ಎಷ್ಟು ಜನ ಸಾಲ ಮಾಡಿದ್ದೇವೆ? ಎಲ್ಲಿಂದ? ಬಡ್ಡಿ ಎಷ್ಟು?
2. ಆ ಕಂತನ್ನು ಈಗ ಯಾರು ಕಟ್ಟುತ್ತಿದ್ದಾರೆ? ಮಗುವೋ, ತಾಯಿಯೋ?
3. ನಮ್ಮಲ್ಲಿ ಈ ವರ್ಷ ಎಸ್‌ಎಸ್‌ಎಲ್‌ಸಿ, ಪಿಯುಸಿ ಬರೆಯುವ ಮಕ್ಕಳು ಎಷ್ಟು? ಅವರ ಆದಾಯ, ಜಾತಿ ಪ್ರಮಾಣಪತ್ರ ಸಿದ್ಧವಿದೆಯೆ?
4. ಮಗನಿಗೆ ಮಾಡಿದ ಸಾಲವನ್ನು ಮಗಳಿಗೂ ಮಾಡುತ್ತೇವೆಯೆ? ಇಲ್ಲದಿದ್ದರೆ ಯಾಕೆ?

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬ ಸದಸ್ಯೆಯೂ ಒಂದು ಕೆಲಸ ಮಾಡಿಕೊಂಡು ಬನ್ನಿ. ನಿಮ್ಮ ಮಗು ಓದಬೇಕೆಂದಿರುವ ಕೋರ್ಸನ್ನು ಈಗಾಗಲೇ ಮುಗಿಸಿದ ಒಬ್ಬರನ್ನಾದರೂ ಭೇಟಿಯಾಗಿ, ಅವರ ಕೈಗೆ ಬರುವ ಸಂಬಳ ಕೇಳಿ ಬರೆದುಕೊಂಡು ಬನ್ನಿ. ಆ ಒಂದು ಅಂಕಿ ಕೈಯಲ್ಲಿದ್ದರೆ, ಸಹಿ ಹಾಕಬೇಕೋ ಬೇಡವೋ, ಎಷ್ಟಕ್ಕೆ ಹಾಕಬೇಕು ಎಂಬುದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ನಡಾವಳಿ ಪುಸ್ತಕದಲ್ಲಿ ಇದನ್ನು ದಾಖಲು ಮಾಡಿ.